ಮೌಸ್ ಅಲುಗದಿದ್ದಾಗ

ವಿರಾರದಿಂದ ಬೆಳಗಿನಲ್ಲಿ ಹೊರಟ ಲೋಕಲ್ ಗಾಡಿಯು ಚರ್ಚ್‌ಗೇಟನ್ನು ಸೇರಬೇಕಾದ ಹೊತ್ತು ಮೀರಿದರೂ ಸೇರಲಿಲ್ಲವೆಂದು ಭಾವಿಸಿರಿ. ಅದು ಎಲ್ಲಿ ನಿಂತಿರಬಹುದು? ಇದನ್ನು ತಿಳಿಯುವುದಕ್ಕಾಗಿ ಹಳಿಯ ಪಕ್ಕದಲ್ಲಿ ವಿರಾರದವರೆಗೂ ನಡೆದುಹೋಗಬೇಕಾದ ಅಗತ್ಯವಿಲ್ಲ. ನಡುದಾರಿಯ ಅಂಧೇರಿಯಲ್ಲಿ ಒಮ್ಮೆ ವಿಚಾರಿಸಿದರೆ ಸಾಕು. ಗಾಡಿ ಅಲ್ಲಿಂದ ದಾಟಿಹೋಗಿದ್ದರೆ ತೊಂದರೆಯಿರುವುದು ಅಂಧೇರಿಯಿಂದ ಈಚೆಗೆ. ಅಲ್ಲಿಗೆ ಬಂದೇ ಇಲ್ಲವಾದರೆ ಅದರಿಂದ ಆಚೆಗೆ. ಒಂದೇ ಪ್ರಶ್ನೆಯಿಂದ ಅರ್ಧ ದಾರಿ ಸಂದೇಹದಿಂದ ಬಿಡುಗಡೆಯಾಯಿತು. ಉಳಿದ ಅರ್ಧಕ್ಕೂ ಇದೇ ಉಪಾಯವನ್ನು ಹೂಡಿದರೆ ಗಾಡಿ ನಿಂತ ಜಾಗ ಸಿಕ್ಕಿಯೇ ಸಿಕ್ಕುತ್ತದೆ. ಕೈಯಲ್ಲಿ ಹಿಡಿದ ಮೌಸನ್ನು ಎಷ್ಟು ಓಡಾಡಿಸಿದರೂ ಕಂಪ್ಯೂಟರಿನ ಪರದೆಯ ಮೇಲಿನ ಬಾಣವು ಅಲುಗದಿದ್ದಾಗ ನಾವು ಮಾಡಬೇಕಾದುದೂ ಇದನ್ನೇ.

ನಮ್ಮಂಥ ಶಾಲೆಗಳಿಗೆ ಬರುವ ಕಂಪ್ಯೂಟರುಗಳು ಬಹುಮಟ್ಟಿಗೆ ಹಳೆಯವು. ಕಚೇರಿಗಳು ಹೊಸದನ್ನು ಕೊಂಡಾಗ ಬಿಟ್ಟುಕೊಟ್ಟವು ಕೆಲವು. ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಹುಡುಕಿ ತಂದು ಜೋಡಿಸಿದವು ಇನ್ನು ಕೆಲವು. ಇಂಥ ಯಂತ್ರಗಳಿಗೆ ಲಿನಕ್ಸ್ ಒಂದು ವರವೆಂದೇ ಹೇಳಬೇಕು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸನು 1991ರಲ್ಲಿ ಬರೆಯತೊಡಗಿದ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಕಂಪನಿಯಿಂದ ದೊರೆಯುತ್ತಿದ್ದ ಸಾಮಾನ್ಯ ನೆರವು ನಿಂತುಹೋದ ಬಳಿಕ ಎಷ್ಟೋ ಹಳೆಯ ಯಂತ್ರಗಳು ಲಿನಕ್ಸಿನಿಂದಲೇ ಮರುಜೀವ ಪಡೆದಿವೆ.

ಆದರೆ ಯಂತ್ರ ಹಳೆಯದಾದ ಮೇಲೆ ಕಾಯಿಲೆಗಳೂ ಇದ್ದದ್ದೇ. ಮೂವರು ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತುಕೊಳ್ಳುವ ಯಂತ್ರದ ಮೌಸ್ ನಿಂತುಹೋದರೆ ಮೂವರ ಪಾಠವೂ ನಿಂತಂತೆ. ಅದಕ್ಕಿಂತ ದೊಡ್ಡ ನಷ್ಟವಾಗುವುದು ಅದರ ಮರುಕ್ಷಣದಲ್ಲಿ. ಬಾಣ ಅಲುಗಲಿಲ್ಲವೆಂದ ಕೂಡಲೆ ಯಾರಾದರೊಬ್ಬರು ಕೈನೀಡಿ ವಿದ್ಯುತ್ತಿನ ಗುಂಡಿಯನ್ನು ಒತ್ತಿಬಿಡುತ್ತಾರೆ. ಒಂದು ಗಂಟೆಯಿಂದ ಬೆರಳಚ್ಚು ಮಾಡಿದ ಕನ್ನಡ ಪ್ರಬಂಧ, ಇನ್ನೂ ಉಳಿಸಿಡದೆ ಇದ್ದದ್ದು, ಆ ಕ್ಷಣದಲ್ಲೇ ಮಾಯವಾಗುತ್ತದೆ. ಕೆಟ್ಟಿದ್ದುದು ಇನ್ನೂರು ಮುನ್ನೂರು ರೂಪಾಯಿಯ ಒಂದು ಮೌಸ್ ಮಾತ್ರ. ಪ್ರಬಂಧಕ್ಕೆ ಏನೂ ಆಗಿರಲಿಲ್ಲ.

ಆದುದರಿಂದ ಮೊದಲ ಕೆಲಸ ಕೀಲಿಮಣೆಯದು. ಬರವಣಿಗೆಯ ಕಿಟಕಿಯು ಎದುರಿಗೆ ತೆರೆದಿದ್ದರೆ ಕಂಟ್ರೋಲ್ ಕೀಲಿಯನ್ನು ಅದುಮಿ ಹಿಡಿದು ಎಸ್ ಅಕ್ಷರವನ್ನು ಒತ್ತಿರಿ. ನೀವು ಬರೆಯುತ್ತಿರುವುದು ಕನ್ನಡದಲ್ಲಾದರೂ ಚಿಂತೆಯಿಲ್ಲ, ಕೆ. ಪಿ. ರಾಯರು ರೂಪಿಸಿಕೊಟ್ಟ ಕೀಲಿಗಳ ವಿನ್ಯಾಸದಲ್ಲಿ 'ಸ' ಇರುವುದೂ ಆ ಕೀಲಿಯ ಮೇಲೆಯೇ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು ಆಲ್ಟ್ ಮತ್ತು ಟ್ಯಾಬ್ ಕೀಲಿಗಳನ್ನು ಜೊತೆಯಾಗಿ ಒತ್ತಬೇಕು. ಹೀಗೆ ತೆರೆದಿರುವ ಎಲ್ಲವನ್ನೂ ಉಳಿಸಿಟ್ಟ ಮೇಲೆ ನಿಮಗೆ ಅವಸರವಿಲ್ಲ. ಮೌಸಿನ ವಿಚಾರಣೆಯನ್ನು ಸಾವಕಾಶವಾಗಿ ನಡೆಸಬಹುದು.

ಈಗ ದಾರಿಯನ್ನು ತಿಳಿದುಕೊಳ್ಳೋಣ. ಕೈಯ ಚಲನೆಯನ್ನು ಮೌಸು ವಿದ್ಯುತ್ ಸಂಜ್ಞೆಯನ್ನಾಗಿ ಮಾರ್ಪಡಿಸುತ್ತದೆ. ಅದು ತಂತಿಯಲ್ಲಿ ಹರಿದು ಪೆಟ್ಟಿಗೆಯ ಹಿಂಬದಿಯ ಸಾಕೆಟ್ಟನ್ನು ಸೇರುತ್ತದೆ. ಅಲ್ಲಿಂದ ಮುಂದೆ ಲಿನಕ್ಸಿನ ತಿರುಳು, ಎಂದರೆ ಕರ್ನೆಲ್ ಎಂಬ ಭಾಗ, ಅದನ್ನು ಎತ್ತಿಕೊಳ್ಳುತ್ತದೆ. ಕರ್ನೆಲ್ ಅದನ್ನು ಪರದೆಯ ಮೇಲೆ ಚಿತ್ರ ಬಿಡಿಸುವ ವ್ಯವಸ್ಥೆಗೆ ಒಪ್ಪಿಸುತ್ತದೆ. ಹಳೆಯ ಯಂತ್ರಗಳಲ್ಲಿ ಈ ವ್ಯವಸ್ಥೆಗೆ ಎಕ್ಸ್ ಎಂದೇ ಹೆಸರು. ಎಕ್ಸ್ ಬಾಣವನ್ನು ಸರಿಸುತ್ತದೆ ಮತ್ತು ಗುಂಡಿ ಒತ್ತಿದ ಸುದ್ದಿಯನ್ನು ಆಯಾ ಕಿಟಕಿಗೆ ಮುಟ್ಟಿಸುತ್ತದೆ. ಇವೇ ನಮ್ಮ ನಿಲ್ದಾಣಗಳು. ಕರ್ನೆಲ್ಲನ್ನು ಅಂಧೇರಿಯೆಂದು ತಿಳಿಯಿರಿ.

ವಿಚಾರಣೆಗೆ ಮುನ್ನ ಒಂದು ಕ್ಷಣ ಸುಮ್ಮನೆ ನೋಡುವುದು ಒಳ್ಳೆಯದು. ಪರದೆಯ ಮೂಲೆಯ ಗಡಿಯಾರ ಓಡುತ್ತಿದೆಯೆ? ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ಪುಟ್ಟ ದೀಪ ಹತ್ತಿ ಆರುತ್ತಿದೆಯೆ? ಹೌದಾದರೆ ಯಂತ್ರ ಜೀವಂತವಾಗಿದೆ. ಮೌಸಿನ ದಾರಿಯಲ್ಲಿ ಮಾತ್ರ ಅಡ್ಡಿಯುಂಟು. ಅದಲ್ಲದೆ ಗಡಿಯಾರವೂ ನಿಂತು, ಕೀಲಿಗಳೂ ಸ್ಪಂದಿಸದೆ, ಪೆಟ್ಟಿಗೆಯ ಮುಂಬದಿಯ ಡಿಸ್ಕಿನ ದೀಪ ಮಾತ್ರ ಬಿಡದೆ ಉರಿಯುತ್ತಿದ್ದರೆ ಮೌಸನ್ನು ದೂರುವುದು ಅನ್ಯಾಯ. ಹಳೆಯ ಯಂತ್ರಗಳಲ್ಲಿ ಸ್ಮೃತಿಯ ಸ್ಥಳ ಕಡಮೆ. ಇಂಟರ್‌ನೆಟ್ ನೋಡುವ ಬ್ರೌಸರಿನಲ್ಲಿ ಏಳೆಂಟು ಪುಟಗಳನ್ನು ಒಟ್ಟಿಗೆ ತೆರೆದರೆ ಆ ಸ್ಥಳ ತುಂಬಿಹೋಗಿ, ಯಂತ್ರವು ಉಳಿದ ಸಾಮಾನನ್ನು ಡಿಸ್ಕಿನ ಮೇಲೆ ಇಡುತ್ತ ತೆಗೆಯುತ್ತ ಏದುಸಿರು ಬಿಡುತ್ತದೆ. ಎರಡು ಮೂರು ನಿಮಿಷ ಕೈಕಟ್ಟಿ ಕುಳಿತಿರಿ. ಅನೇಕ ಸಲ ಬಾಣ ತಾನಾಗಿ ಎಚ್ಚರಗೊಳ್ಳುತ್ತದೆ. ಆಗ ಮಾಡಬೇಕಾದುದು ಬೇಡದ ಪುಟಗಳನ್ನು ಮುಚ್ಚುವುದು. ಈ ಎರಡು ಮೂರು ನಿಮಿಷದ ತಾಳ್ಮೆ ನಮ್ಮ ನಗರದಲ್ಲಿ ಸುಲಭವಾಗಿ ಸಿಕ್ಕುವ ವಸ್ತುವಲ್ಲವೆಂಬುದೂ ನಿಜ.

ಇನ್ನೊಂದು ಭೇದವನ್ನು ಗಮನಿಸಿರಿ. ಬಾಣ ಚೆನ್ನಾಗಿ ಓಡಾಡುತ್ತದೆ, ಆದರೆ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ ಎಂದಾದರೆ ಅದು ಬೇರೆ ರೋಗ. ಯಾವುದೋ ಕಿಟಕಿಯ ಹಿಂದೆ ಉತ್ತರಕ್ಕಾಗಿ ಕಾದಿರುವ ಪ್ರಶ್ನೆಯ ಪೆಟ್ಟಿಗೆಯೊಂದು ಅಡಗಿರಬಹುದು. ಎಸ್ಕೇಪ್ ಕೀಲಿ ಒತ್ತಿ ನೋಡಬೇಕು. ಇಲ್ಲವೆ ಮೌಸಿನ ಎಡಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚು ಸವೆದಿರಬಹುದು.

ಈಗ ಅಂಧೇರಿಯಲ್ಲಿ ವಿಚಾರಿಸೋಣ. ಕಂಟ್ರೋಲ್, ಆಲ್ಟ್, ಎಫ್2 ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಚಿತ್ರಗಳೆಲ್ಲ ಮರೆಯಾಗಿ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಚಿತ್ರವೇ ಉಳಿದುಕೊಂಡರೆ ಎಫ್2ರ ಬದಲಿಗೆ ಎಫ್3 ಒತ್ತಿರಿ. ಇದು ಹಾಳಾದ ಪರದೆಯಲ್ಲ. ಎಕ್ಸಿನ ಹಂಗಿಲ್ಲದೆ ಕರ್ನೆಲ್ಲಿನೊಡನೆ ನೇರವಾಗಿ ಮಾತಾಡುವ ಕೋಣೆ. ನಿಮ್ಮ ಬರವಣಿಗೆ ಹಿಂದಿನ ಕೋಣೆಯಲ್ಲಿ ಹಾಗೆಯೇ ಇದೆ. ಹಿಂದಿರುಗಲು ಹಳೆಯ ಲಿನಕ್ಸುಗಳಲ್ಲಿ ಕಂಟ್ರೋಲ್, ಆಲ್ಟ್, ಎಫ್7. ಈಚಿನ ಕೆಲವುಗಳಲ್ಲಿ ಎಫ್7ರ ಬದಲು ಎಫ್1 ಇಲ್ಲವೆ ಎಫ್2. ಈ ಕಪ್ಪು ಕೋಣೆಯಲ್ಲಿ ಕನ್ನಡ ಅಕ್ಷರಗಳು ಕಾಣಿಸುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಬರಿಯ ಚೌಕಗಳ ಸಾಲಾಗಿ ತೋರಿದರೆ ಹೆದರಬೇಡಿರಿ. ಇಲ್ಲಿಯ ಅಕ್ಷರಮಾಲೆಯಲ್ಲಿ ನಮ್ಮ ಲಿಪಿಗೆ ಜಾಗವಿಲ್ಲ, ಅಷ್ಟೆ. ಕಡತಗಳಿಗೆ ಯಾವ ಕೇಡೂ ಆಗಿಲ್ಲ.

ಅಲ್ಲಿ ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ಬೆರಳಚ್ಚಿಸಬೇಕು. ಗುಪ್ತಪದವನ್ನು ಒತ್ತುವಾಗ ಚುಕ್ಕೆಗಳು ಸಹ ಕಾಣುವುದಿಲ್ಲ. ಅದೇ ಅಲ್ಲಿಯ ರೂಢಿ. ಮುಂದಿನ ಆಜ್ಞೆಗೆ ಆಡಳಿತದ ಅಧಿಕಾರ ಬೇಕಾದುದರಿಂದ ಅಧ್ಯಾಪಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಎಸ್-ಯು-ಡಿ-ಒ, ಒಂದು ತೆರಪು, ಸಿ-ಎ-ಟಿ, ಮತ್ತೊಂದು ತೆರಪು, ಆಮೇಲೆ ಓರೆಗೆರೆ, ಡಿ-ಇ-ವಿ, ಓರೆಗೆರೆ, ಐ-ಎನ್-ಪಿ-ಯು-ಟಿ, ಓರೆಗೆರೆ, ಎಂ-ಐ-ಸಿ-ಇ, ಕೊನೆಗೆ ಎಂಟರ್. ಕಡೆಯ ಪದ ಇಂಗ್ಲಿಷಿನಲ್ಲಿ ಇಲಿಯೆಂಬುದರ ಬಹುವಚನವೆಂದು ನೀವು ಗುರುತಿಸಿರಬಹುದು. ಯಂತ್ರಕ್ಕೆ ಎಷ್ಟು ಮೌಸುಗಳನ್ನು ಜೋಡಿಸಿದರೂ ಅವೆಲ್ಲವುಗಳ ಸುದ್ದಿ ಈ ಒಂದೇ ಬಾಗಿಲಿನಿಂದ ಹೊರಬರುತ್ತದೆ.

ಇನ್ನು ಮೌಸನ್ನು ಅಲುಗಾಡಿಸಿರಿ. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಸುರಿಯತೊಡಗಿದರೆ ಸಂತೋಷಪಡಬೇಕು! ಅವು ನಿಜವಾಗಿ ಅರ್ಥವಿಲ್ಲದವೂ ಅಲ್ಲ. ಮೌಸು ಪ್ರತಿಸಲ ಅಲುಗಿದಾಗಲೂ ಮೂರು ಸಂಖ್ಯೆಗಳ ಒಂದು ಕಟ್ಟು ಹೊರಡುತ್ತದೆ. ಯಾವ ಗುಂಡಿ ಒತ್ತಿದೆ, ಚಲನೆಯ ದಿಕ್ಕು ಯಾವುದು ಎಂಬುದನ್ನು ಮೊದಲನೆಯದು ಹೇಳುತ್ತದೆ. ಎಡಬಲಕ್ಕೆ ಎಷ್ಟು ಸರಿಯಿತೆಂಬುದನ್ನು ಎರಡನೆಯದು, ಮೇಲೆ ಕೆಳಗೆ ಎಷ್ಟೆಂಬುದನ್ನು ಮೂರನೆಯದು. ಸಂಖ್ಯೆಗಳನ್ನು ಅಕ್ಷರಗಳೆಂದು ಭ್ರಮಿಸಿ ಅಚ್ಚು ಮಾಡುವುದರಿಂದ ಅವು ಹೀಗೆ ವಿಕಾರವಾಗಿ ತೋರುತ್ತವೆ. ನಿಮಗೆ ಬೇಕಾದ ಉತ್ತರ ಸಿಕ್ಕಿತು: ಗಾಡಿ ಅಂಧೇರಿಯನ್ನು ದಾಟಿದೆ. ಮೌಸು, ತಂತಿ, ಸಾಕೆಟ್ಟು, ಕರ್ನೆಲ್ಲು ಎಲ್ಲವೂ ನಿರ್ದೋಷಿಗಳು. ಕಂಟ್ರೋಲ್ ಮತ್ತು ಸಿ ಒತ್ತಿ ಈ ಸುರಿಮಳೆಯನ್ನು ನಿಲ್ಲಿಸಿರಿ. ಆಮೇಲೂ ಅಕ್ಷರಗಳು ವಿಕಾರವಾಗಿಯೇ ಉಳಿದರೆ ಆರ್-ಇ-ಎಸ್-ಇ-ಟಿ ಎಂದು ಬೆರಳಚ್ಚಿಸಿ ಎಂಟರ್ ಒತ್ತಿದರೆ ಪರದೆ ತಿಳಿಯಾಗುತ್ತದೆ. ಎಷ್ಟು ಅಲುಗಾಡಿಸಿದರೂ ಒಂದು ಚಿಹ್ನೆಯೂ ಬರದಿದ್ದರೆ ಗಾಡಿ ಅಂಧೇರಿಗೆ ಬಂದೇ ಇಲ್ಲ. ಮೌಸಿನ ಕಡೆಗೇ ತಿರುಗಬೇಕು.

ಈ ಎರಡನೆಯ ಸಂದರ್ಭವೇ ಹೆಚ್ಚು. ಆದುದರಿಂದ ಮೌಸಿನ ಶರೀರವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳುವುದು ಮೇಲು. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟರ ಕಲ್ಪನೆಯನ್ನನುಸರಿಸಿ ಬಿಲ್ ಇಂಗ್ಲಿಷರು 1964ರಲ್ಲಿ ಮಾಡಿದ ಮೊದಲ ಮೌಸು ಮರದ ಒಂದು ಪುಟ್ಟ ಪೆಟ್ಟಿಗೆ. ಅದರ ಕೆಳಗೆ ಒಂದಕ್ಕೊಂದು ಅಡ್ಡವಾಗಿ ಎರಡು ಲೋಹದ ಗಾಲಿಗಳಿದ್ದುವು. ಒಂದು ಎಡಬಲದ ಚಲನೆಯನ್ನೂ ಇನ್ನೊಂದು ಹಿಂದುಮುಂದಿನ ಚಲನೆಯನ್ನೂ ಅಳೆಯುತ್ತಿತ್ತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಭೆಯಲ್ಲಿ ಎಂಗೆಲ್‌ಬಾರ್ಟರು ಅದನ್ನು ಎಲ್ಲರೆದುರಿಗೆ ಬಳಸಿ ತೋರಿಸಿದರು. ಮುಂದೆ ಎರಡು ಗಾಲಿಗಳ ಬದಲಿಗೆ ಒಂದು ಗುಂಡು ಬಂತು. ಹಳೆಯ ಯಂತ್ರಗಳ ಜೊತೆಗೆ ಈಗಲೂ ಒಮ್ಮೊಮ್ಮೆ ಸಿಕ್ಕುವುದು ಈ ಗುಂಡಿನ ಮೌಸೇ. ಗುಂಡು ಉರುಳಿದಾಗ ಒಳಗಿನ ಎರಡು ಸಣ್ಣ ಉರುಳೆಗಳನ್ನು ತಿರುಗಿಸುತ್ತದೆ. ಮುಂಬಯಿಯ ಧೂಳೂ ಬೆವರೂ ಸೇರಿ ಆ ಉರುಳೆಗಳ ಸುತ್ತ ಕಪ್ಪು ಉಂಗುರದಂತೆ ಕಟ್ಟಿಕೊಂಡರೆ ಗುಂಡು ಜಾರುತ್ತದೆಯೇ ಹೊರತು ಉರುಳೆ ತಿರುಗುವುದಿಲ್ಲ. ಬಾಣ ಎಡಬಲಕ್ಕೆ ಮಾತ್ರ ಹೋಗಿ ಮೇಲೆ ಕೆಳಗೆ ಹೋಗದಿದ್ದರೆ ಒಂದು ಉರುಳೆ ಮಾತ್ರ ಕೊಳೆಯಾಗಿದೆಯೆಂದು ತಿಳಿಯಬೇಕು. ಮೌಸನ್ನು ಬೋರಲು ಹಾಕಿ, ಗುಂಡಿನ ಸುತ್ತಲಿನ ಬಳೆಯನ್ನು ಅದರ ಮೇಲೆ ಕೊರೆದಿರುವ ಬಾಣದ ದಿಕ್ಕಿಗೆ ತಿರುಗಿಸಿದರೆ ಗುಂಡು ಕೈಗೆ ಬೀಳುತ್ತದೆ. ಅದನ್ನು ಸಾಬೂನಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿರಿ. ಉರುಳೆಗಳ ಮೇಲಿನ ಕೊಳೆಯನ್ನು ಉಗುರಿನಿಂದಲೋ ಹಲ್ಲುಕಡ್ಡಿಯಿಂದಲೋ ಮೆಲ್ಲನೆ ಕೆರೆದು ತೆಗೆಯಬೇಕು, ಚಾಕು ಬೇಡ. ಐದು ನಿಮಿಷದ ಈ ಸೇವೆಯಿಂದ ಹೊಸದರಂತೆ ಓಡುವ ಮೌಸುಗಳನ್ನು ಜನ ಕಸದ ಬುಟ್ಟಿಗೆ ಎಸೆದಿದ್ದಾರೆ!

ಬೆಳಕಿನ ಮೌಸಿನಲ್ಲಿ ಗುಂಡಿಲ್ಲ. ಅದರ ಹೊಟ್ಟೆಯ ಕೆಂಪು ದೀಪವು ಮೇಜನ್ನು ಬೆಳಗಿಸುತ್ತದೆ; ಪುಟ್ಟ ಕಣ್ಣೊಂದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು, ಹಿಂದಿನದಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸದಿಂದ ಚಲನೆಯನ್ನು ಲೆಕ್ಕಹಾಕುತ್ತದೆ. ಗಾಜಿನ ಮೇಜಿನ ಮೇಲೆ ಎಲ್ಲ ಚಿತ್ರಗಳೂ ಒಂದೇ ಬಗೆಯಾಗಿ ತೋರುವುದರಿಂದ ಅದು ಕುರುಡಾಗುತ್ತದೆ. ಕೆಳಗೊಂದು ಬಿಳಿಯ ಕಾಗದವನ್ನು ಹಾಸಿ ನೋಡಿರಿ. ಕಣ್ಣಿನ ರಂಧ್ರದಲ್ಲಿ ಕೂದಲೆಳೆಯೋ ಹತ್ತಿಯ ಎಳೆಯೋ ಸಿಕ್ಕಿಕೊಂಡಿದ್ದರೆ ಊದಿ ತೆಗೆಯಿರಿ. ದೀಪವೇ ಉರಿಯದಿದ್ದರೆ ಮೌಸಿಗೆ ವಿದ್ಯುತ್ತು ತಲುಪುತ್ತಿಲ್ಲ. ಕೆಲವು ಮೌಸುಗಳ ಬೆಳಕು ನಮ್ಮ ಕಣ್ಣಿಗೆ ಕಾಣದ ಬಗೆಯದು. ಮೊಬೈಲಿನ ಕ್ಯಾಮರಾ ಹಿಡಿದರೆ ಎಷ್ಟೋ ಸಲ ಅದು ಪರದೆಯ ಮೇಲೆ ಮಂದವಾಗಿ ಕಾಣಿಸುತ್ತದೆ. ತಂತಿಯು ಮೌಸಿನ ಕತ್ತಿನ ಬಳಿ ಮೇಲಿಂದ ಮೇಲೆ ಮಡಿಸಿಕೊಳ್ಳುವುದರಿಂದ ಒಳಗಿನ ಎಳೆ ಅಲ್ಲಿಯೇ ತುಂಡಾಗುವುದು ಹೆಚ್ಚು. ಅಲ್ಲಿ ಬೆರಳಿನಿಂದ ಸ್ವಲ್ಪ ಬಾಗಿಸಿದಾಗ ದೀಪ ಹತ್ತಿ ಆರಿದರೆ ಸಂದೇಹವೇ ಉಳಿಯದು.

ತಂತಿಯ ತುದಿ ಎರಡು ವಿಧ. ಚಪ್ಪಟೆಯ ಯುಎಸ್‌ಬಿ ತುದಿಯಾದರೆ ಯಂತ್ರ ನಡೆಯುತ್ತಿರುವಾಗಲೇ ಕಿತ್ತು ಬೇರೊಂದು ಸಾಕೆಟ್ಟಿಗೆ ಸಿಕ್ಕಿಸಬಹುದು. ಮುಂಬದಿಯ ಸಾಕೆಟ್ಟುಗಳು ಒಳಗಿನ ಇನ್ನೊಂದು ತಂತಿಯನ್ನು ನಂಬಿಕೊಂಡಿರುವುದರಿಂದ ಹಿಂಬದಿಯವನ್ನೇ ಆರಿಸಿಕೊಳ್ಳಿರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡಲ ತೀರದ ಗಾಳಿಯಲ್ಲಿ ತೇವವೂ ಉಪ್ಪೂ ಕೂಡಿ ಲೋಹದ ಮೇಲೆ ಕಿಲುಬು ಹತ್ತಿಸುತ್ತವೆ; ತುದಿಯನ್ನು ನಾಲ್ಕಾರು ಸಲ ಎಳೆದು ಸಿಕ್ಕಿಸಿದರೆ ಆ ತೆಳು ಕಿಲುಬು ಉಜ್ಜಿಹೋಗಿ ಸಂಪರ್ಕ ಮರಳುವುದುಂಟು. ಆದರೆ ಆರು ಸೂಜಿಗಳುಳ್ಳ ದುಂಡನೆಯ ಪಿಎಸ್/2 ತುದಿಯ ಮಾತು ಬೇರೆ. ಐಬಿಎಂ ಕಂಪನಿ 1987ರಲ್ಲಿ ಬಳಕೆಗೆ ತಂದ ಈ ಜೋಡಣೆಯನ್ನು ಯಂತ್ರ ನಡೆಯುತ್ತಿರುವಾಗ ಕೀಳುವುದಕ್ಕಾಗಲಿ ಸಿಕ್ಕಿಸುವುದಕ್ಕಾಗಲಿ ಮಾಡಿದ್ದಲ್ಲ. ಹಾಗೆ ಮಾಡಿದರೆ ಯಂತ್ರದ ಮುಖ್ಯ ಹಲಗೆಗೇ ಅಪಾಯ ತಟ್ಟಬಹುದು. ಯಂತ್ರವನ್ನು ಕ್ರಮವಾಗಿ ಮುಚ್ಚಿ, ವಿದ್ಯುತ್ತನ್ನು ಆರಿಸಿದ ಮೇಲೆಯೇ ಕೈಹಾಕತಕ್ಕದ್ದು. ಹಸಿರು ಬಣ್ಣದ ಸಾಕೆಟ್ಟು ಮೌಸಿನದು, ನೇರಿಳೆ ಬಣ್ಣದ್ದು ಕೀಲಿಮಣೆಯದು. ಎರಡೂ ಒಂದೇ ಆಕಾರದವಾದುದರಿಂದ ಗುಡಿಸಿ ಒರಸಿದ ಬಳಿಕ ಅದಲುಬದಲಾಗಿ ಸಿಕ್ಕಿಸಿಬಿಡುವ ಸಂಭವ ಬಹಳ.

ಹಾಗೆ ಯಂತ್ರವನ್ನು ಮುಚ್ಚುವ ಮುನ್ನ ಪಿಎಸ್/2 ಮೌಸಿಗೆ ಇನ್ನೊಂದು ಉಪಾಯವುಂಟು. ಕಪ್ಪು ಕೋಣೆಗೆ ಹೋಗಿ ಕರ್ನೆಲ್ಲಿನಲ್ಲಿ ಮೌಸನ್ನು ನೋಡಿಕೊಳ್ಳುವ 'ಪಿಎಸ್‌ಮೌಸ್' ಎಂಬ ಭಾಗವನ್ನು ಮಾತ್ರ ಇಳಿಸಿ ಮತ್ತೆ ಏರಿಸಬಹುದು. ಸುಡೋ, ಮಾಡ್‌ಪ್ರೋಬ್, ಅಡ್ಡಗೆರೆಯೊಡನೆ ಆರ್, ಪಿಎಸ್‌ಮೌಸ್ ಎಂಬುದು ಇಳಿಸುವ ಆಜ್ಞೆ; ಅದೇ ಆಜ್ಞೆಯನ್ನು ಅಡ್ಡಗೆರೆಯೂ ಆರ್ ಅಕ್ಷರವೂ ಇಲ್ಲದೆ ಕೊಟ್ಟರೆ ಏರಿಸಿದಂತೆ. ಮಾಡ್‌ಪ್ರೋಬ್ ಎಂಬುದರ ಅಕ್ಷರಗಳು ಎಂ-ಒ-ಡಿ-ಪಿ-ಆರ್-ಒ-ಬಿ-ಇ. ಮಂಕು ಕವಿದಿದ್ದ ಮೌಸು ಎಷ್ಟೋ ವೇಳೆ ಇಷ್ಟರಿಂದಲೇ ಎಚ್ಚರಗೊಳ್ಳುತ್ತದೆ.

ಯುಎಸ್‌ಬಿ ಮೌಸಾದರೆ ಕರ್ನೆಲ್ಲಿನ ದಿನಚರಿಯನ್ನು ಓದಿರಿ. ಡಿ-ಎಂ-ಇ-ಎಸ್-ಜಿ ಎಂಬ ಆಜ್ಞೆ ಕೊಟ್ಟರೆ ಅದು ಕಂಡದ್ದನ್ನೆಲ್ಲ ಬರೆದಿಟ್ಟ ಸಾಲುಗಳು ತೋರುತ್ತವೆ. ಕೆಲವು ಲಿನಕ್ಸುಗಳಲ್ಲಿ ಮುಂದೆ ಸುಡೋ ಸೇರಿಸಬೇಕಾಗುತ್ತದೆ. ಮೌಸನ್ನು ಕಿತ್ತು ಸಿಕ್ಕಿಸಿದ ಮೇಲೆ ಕೊನೆಯಲ್ಲಿ ಹೊಸ ಸಾಲುಗಳು ಬಂದವೆ? ಅವುಗಳಲ್ಲಿ ಮೌಸಿನ ಹೆಸರಿದ್ದರೆ ಅದು ತನ್ನ ಗುರುತು ಹೇಳಿಕೊಂಡಿದೆಯೆಂದು ಅರ್ಥ. ಹೆಸರಿನ ಬದಲು 'ಎರರ್' ಎಂಬ ಮಾತಿನ ಮುಂದೆ ಋಣಚಿಹ್ನೆಯೊಡನೆ 71 ಎಂದಿದ್ದರೆ ಇಬ್ಬರ ಸಂಭಾಷಣೆ ನಡುವೆ ಕೆಟ್ಟಿದೆ. ಬಹುಪಾಲು ತಂತಿಯದೋ ಸಾಕೆಟ್ಟಿನದೋ ತಪ್ಪು. ಹೊಸ ಸಾಲೇ ಇಲ್ಲವಾದರೆ ಕರ್ನೆಲ್ಲಿಗೆ ಮೌಸು ಬಂದ ಸುದ್ದಿಯೇ ಗೊತ್ತಿಲ್ಲ.

ಇಷ್ಟಾದರೂ ಮೌಸೋ ಯಂತ್ರವೋ ಎಂಬ ಸಂದೇಹ ಉಳಿದರೆ ಪಕ್ಕದ ಯಂತ್ರದ ಒಳ್ಳೆಯ ಮೌಸನ್ನು ಇಲ್ಲಿಗೆ ತಂದು ನೋಡಿರಿ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೌಸನ್ನೂ ಸಾಕೆಟ್ಟನ್ನೂ ಒಟ್ಟಿಗೆ ಬದಲಿಸಿದಾಗ ಬಾಣ ಓಡಿದರೆ, ಕೆಟ್ಟಿದ್ದುದು ಯಾವುದೆಂದು ಹೇಳುವುದು ಹೇಗೆ?

ಅಂಧೇರಿಯ ಈಚೆಗೆ, ಎಂದರೆ ಎಕ್ಸಿನಲ್ಲಿ, ದೋಷವಿದ್ದ ಪಕ್ಷಕ್ಕೆ ಚಿಕಿತ್ಸೆ ಸುಲಭ. ಚಿತ್ರದ ಕೋಣೆಗೆ ಮರಳಿ, ಎಲ್ಲವನ್ನೂ ಉಳಿಸಿಟ್ಟಿದ್ದೀರೆಂದು ಇನ್ನೊಮ್ಮೆ ನೋಡಿಕೊಂಡು, ಕೀಲಿಮಣೆಯಿಂದಲೇ ಹೊರಬಂದು ಮತ್ತೆ ಪ್ರವೇಶಿಸಿರಿ. ಹಲವು ಲಿನಕ್ಸುಗಳಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದರೆ ಹೊರಬರುವ ಪ್ರಶ್ನೆ ಮೂಡುತ್ತದೆ. ಬಹಳ ಹಳೆಯ ಜೋಡಣೆಗಳಲ್ಲಿ ಎಕ್ಸ್‌ಆರ್ಗ್ ಕಾನ್ಫ್ ಎಂಬ ಕಡತವೊಂದಿದ್ದು ಯಾವ ಬಗೆಯ ಮೌಸೆಂಬುದು ಅದರಲ್ಲಿ ಬರೆದಿರುತ್ತದೆ. ಎಂದೋ ಇದ್ದ ಮೌಸಿನ ವಿವರ ಅಲ್ಲಿ ಉಳಿದಿದ್ದರೆ ಹೊಸ ಮೌಸನ್ನು ಎಕ್ಸ್ ಗಮನಿಸದೆ ಹೋಗಬಹುದು. ಅದನ್ನು ಅಧ್ಯಾಪಕರಿಗೆ ತೋರಿಸುವುದೇ ಸರಿ. ಇಂಥ ಆಜ್ಞೆಗಳನ್ನು ಕನ್ನಡದಲ್ಲಿಯೇ ಕಲಿಯಬಯಸುವವರಿಗೆ ಪೊವಾಯಿಯ ಐಐಟಿಯವರು 'ಸ್ಪೋಕನ್ ಟ್ಯುಟೋರಿಯಲ್' ಎಂಬ ಹೆಸರಿನಲ್ಲಿ ಸಿದ್ಧಪಡಿಸಿದ ಧ್ವನಿಚಿತ್ರ ಪಾಠಗಳುಂಟು; ಲಿನಕ್ಸಿನ ಪಾಠಗಳನ್ನು ಅವರು ನಮ್ಮ ಭಾಷೆಯಲ್ಲಿಯೂ ಹೇಳಿಸಿದ್ದಾರೆ.

ಹೊಸ ಮೌಸ್ ಬರುವ ತನಕ ಪಾಠ ನಿಲ್ಲಬೇಕಾಗಿಲ್ಲ. ಎಲ್ಲರಿಗೂ ಅನುಕೂಲ ಕಲ್ಪಿಸುವ ಏರ್ಪಾಡುಗಳ ಪಟ್ಟಿಯಲ್ಲಿ 'ಮೌಸ್ ಕೀಗಳು' ಎಂಬುದೊಂದಿದೆ. ಅದನ್ನು ಚಾಲೂ ಮಾಡಿದರೆ ಕೀಲಿಮಣೆಯ ಬಲಬದಿಯ ಅಂಕಿಗಳು ಬಾಣವನ್ನು ನಡೆಸುತ್ತವೆ: 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ, 5 ಒತ್ತಿದರೆ ಮೌಸಿನ ಗುಂಡಿ ಒತ್ತಿದಂತೆ. ನಡೆ ನಿಧಾನವಾದರೂ ಕೆಲಸ ಸಾಗುತ್ತದೆ.

ಕೀಲಿಮಣೆಯೂ ಸೇರಿ ಸಕಲವೂ ಸ್ತಬ್ಧವಾಗಿ, ಕಾದರೂ ಚೇತರಿಸಿಕೊಳ್ಳದಿದ್ದಾಗ ಮಾತ್ರ ಕೊನೆಯ ಉಪಾಯ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಅದುಮಿ ಹಿಡಿದು, ಒಂದೊಂದು ಅಕ್ಷರಕ್ಕೂ ಎರಡು ಮೂರು ಸೆಕೆಂಡು ಬಿಡುವು ಕೊಟ್ಟು, ಎಸ್, ಯು, ಬಿ ಎಂದು ಒತ್ತಬೇಕು. ಬರೆಯಲು ಬಾಕಿಯಿದ್ದುದನ್ನು ಡಿಸ್ಕಿಗೆ ಬರೆಯುವುದು ಎಸ್. ಡಿಸ್ಕಿನ ಮೇಲೆ ಮುಂದೆ ಯಾರೂ ಬರೆಯದಂತೆ ಮುಚ್ಚುವುದು ಯು. ಯಂತ್ರವನ್ನು ಹೊಸದಾಗಿ ಆರಂಭಿಸುವುದು ಬಿ. ನೀವು ಉಳಿಸದೆ ಬಿಟ್ಟ ಬರವಣಿಗೆ ಇದರಿಂದ ಮರಳುವುದಿಲ್ಲ, ಆದರೆ ಡಿಸ್ಕಿನಲ್ಲಿರುವ ಉಳಿದವರ ಕಡತಗಳಿಗೆ ಆಪತ್ತು ಕಡಮೆ. ಕೆಲವು ಲಿನಕ್ಸುಗಳಲ್ಲಿ ಈ ಕೀಲಿಗಳಿಗೆ ಅನುಮತಿ ಇರುವುದಿಲ್ಲ. ಅಲ್ಲಿ ವಿದ್ಯುತ್ತಿನ ಗುಂಡಿಯೇ ಗತಿ.

ಕಂಪ್ಯೂಟರ್ ಕೋಣೆಯಲ್ಲಿ ಒಂದು ನೋಟ್‌ಬುಕ್ಕನ್ನು ದಾರದಿಂದ ಕಟ್ಟಿ ತೂಗುಹಾಕಿರಿ. ಯಂತ್ರದ ಸಂಖ್ಯೆ, ದಿನಾಂಕ, ಕಂಡ ಲಕ್ಷಣ, ಮಾಡಿದ ಪರೀಕ್ಷೆ, ಸಿಕ್ಕಿದ ದೋಷ ಇಷ್ಟನ್ನು ಅದರಲ್ಲಿ ಬರೆಯಬೇಕು. ಒಂದೇ ಯಂತ್ರದಲ್ಲಿ ಮೂರನೆಯ ಮೌಸೂ ಕೆಟ್ಟಿತೆಂದು ಅಲ್ಲಿ ಕಂಡರೆ ಆ ಯಂತ್ರದ ಸಾಕೆಟ್ಟನ್ನು ಅನುಮಾನಿಸಬಹುದು. ನಿಜವಾಗಿಯೂ ಸತ್ತ ಮೌಸನ್ನು ಕಸದೊಡನೆ ಸೇರಿಸದೆ ಒಂದು ಡಬ್ಬದಲ್ಲಿ ಹಾಕಿಡಿರಿ. ಅದರ ತಂತಿಯೋ ಸ್ವಿಚ್ಚೋ ಇನ್ನೊಂದರ ದುರಸ್ತಿಗೆ ಬಂದೀತು. ಉಳಿದುದನ್ನು ವರ್ಷಕ್ಕೊಮ್ಮೆ ಇ-ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸಬಹುದು.